ಬಾಗಿಲೊಳಗೆ ಎಷ್ಟು ಮಂದಿ? ಫಸ್ಟ್ ಕ್ಲಾಸ್ ಲೌಂಜ್‌ಗಳ ವಿನ್ಯಾಸದ ಒಳಲೆಕ್ಕ

ವಿಮಾನಕ್ಕೆ ಕಾಯುವವರು ಉಂಡು ವಿಶ್ರಮಿಸುವ ಕೋಣೆ, ಅಂದರೆ ವಿಮಾನ ನಿಲ್ದಾಣದ ಲೌಂಜ್, ಈಗ ಎರಡು ದಿಕ್ಕಿಗೆ ಎಳೆಯಲ್ಪಡುತ್ತಿದೆ. ಒಂದು ಕಡೆ ಕಾರ್ಡ್ ಲೌಂಜ್‌ಗಳು. ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಉಜ್ಜಿ 2 ರೂಪಾಯಿಗೆ ಒಳಗೆ ಹೋಗಬಹುದು ಎಂದು ಗೊತ್ತಾದ ಮೇಲೆ ನಮ್ಮ ದೊಡ್ಡ ನಿಲ್ದಾಣಗಳಲ್ಲೆಲ್ಲ ಬೆಳಗಿನ ಹೊತ್ತು ಲೌಂಜ್ ಬಾಗಿಲಿಂದಾಚೆಗೂ ಸಾಲು ಬೆಳೆಯಿತು. ಬ್ಯಾಂಕುಗಳು ಕೈ ಬಿಗಿ ಮಾಡಿದವು. ಎಚ್‌ಡಿಎಫ್‌ಸಿ ತನ್ನ ರೆಗಾಲಿಯಾ ಕಾರ್ಡಿಗೆ 2023ರ ಡಿಸೆಂಬರ್ 1ರಿಂದ ಮೂರು ತಿಂಗಳಲ್ಲಿ 1 ಲಕ್ಷ ರೂಪಾಯಿ ಖರ್ಚಿನ ಷರತ್ತು ಹಾಕಿತು. ಐಸಿಐಸಿಐ 2024ರ ಏಪ್ರಿಲ್ 1ರಿಂದ ಹಲವು ಕಾರ್ಡುಗಳಿಗೆ ಹಿಂದಿನ ತ್ರೈಮಾಸಿಕದಲ್ಲಿ 35,000 ರೂಪಾಯಿ ಖರ್ಚು ಮಾಡಿರಬೇಕು ಎಂದಿತು. ಬ್ಯಾಂಕು ಮತ್ತು ಲೌಂಜುಗಳ ನಡುವೆ ಮಧ್ಯವರ್ತಿಯಾಗಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ಅಮೆರಿಕದಲ್ಲೂ ಇದೇ ಒತ್ತಡ: ಅಮೆರಿಕನ್ ಎಕ್ಸ್‌ಪ್ರೆಸ್ 2023ರ ಫೆಬ್ರುವರಿಯಿಂದ ಪ್ಲಾಟಿನಂ ಕಾರ್ಡಿನವರ ಜೊತೆ ಬರುವ ಅತಿಥಿಗೆ ತಲೆಗೆ 50 ಡಾಲರ್ ಶುಲ್ಕ ಇಟ್ಟಿತು, ವಿಮಾನ ಸಂಸ್ಥೆ ಡೆಲ್ಟಾ 2025ರ ಫೆಬ್ರುವರಿಯಿಂದ ಕಾರ್ಡುದಾರರ ಭೇಟಿಗಳಿಗೆ ಕಾರ್ಡಿನ ದರ್ಜೆಗೆ ತಕ್ಕಂತೆ ವರ್ಷಕ್ಕೆ 10, 15 ಎಂದು ಮಿತಿ ಹಾಕಿತು.

ಇನ್ನೊಂದು ಕಡೆ, ಇದೇ ಅವಧಿಯಲ್ಲಿ ವಿಮಾನ ಸಂಸ್ಥೆಗಳು ಸಾಮಾನ್ಯ ಲೌಂಜಿನ ಮೇಲೆ ಮತ್ತೊಂದು ಅಂತಸ್ತು ಕಟ್ಟುತ್ತಿವೆ. ಡೆಲ್ಟಾ 2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಜೆಎಫ್‌ಕೆಯಲ್ಲಿ ಡೆಲ್ಟಾ ಒನ್ ಎಂಬ ತನ್ನ ಅತ್ಯುನ್ನತ ದರ್ಜೆಯ ಟಿಕೆಟಿನವರಿಗೆಂದೇ ಪ್ರತ್ಯೇಕ ಲೌಂಜ್ ತೆರೆಯಿತು. ಯುರೋಪು, ಕೊಲ್ಲಿ, ಪೂರ್ವ ಏಷ್ಯಾದ ಸಂಸ್ಥೆಗಳು ಈ ದಾರಿಯಲ್ಲಿ ಎಷ್ಟೋ ಹಿಂದೆಯೇ ಹೊರಟಿದ್ದವು. ಈ ಲೌಂಜ್‌ಗಳ ಬಗ್ಗೆ ಬರುವ ಬರಹಗಳೆಲ್ಲ ಅಮೃತಶಿಲೆ, ಷಾಂಪೇನ್, ಮಸಾಜ್ ಎಂದು ಪಟ್ಟಿ ಕೊಡುತ್ತವೆ. ಆದರೆ ಅಲ್ಲಿ ಹಣ ನಿಜವಾಗಿ ಹೋಗುವುದು ಒಳಗೆ ಎಷ್ಟು ಜನರನ್ನು ಬಿಡಬಾರದು ಎಂಬುದನ್ನು ಕಾಯುವುದಕ್ಕೆ, ಮತ್ತು ಪ್ರಯಾಣಿಕರ ಕಣ್ಣಿಗೆ ಬೀಳದ ಅಡುಗೆಮನೆ, ನೀರಿನ ಕೊಳವೆ, ಸಿಬ್ಬಂದಿಯ ಓಡಾಟಕ್ಕೆ. ವಿನ್ಯಾಸ ಗೆಲ್ಲುವುದೂ ಸೋಲುವುದೂ ಅಲ್ಲೇ.

ಲೌಂಜ್ ಹುಟ್ಟಿದ್ದೇ ಬಾಗಿಲ ನಿಯಮದಿಂದ. 1939ರಲ್ಲಿ ನ್ಯೂಯಾರ್ಕಿನ ಲಗ್ವಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಅಡ್ಮಿರಲ್ಸ್ ಕ್ಲಬ್‌ಗೆ ಮೊದಮೊದಲು ಸಂಸ್ಥೆ ಆಹ್ವಾನಿಸಿದವರಿಗಷ್ಟೇ ಪ್ರವೇಶ. ಹಣ ಕೊಟ್ಟು ಸದಸ್ಯರಾಗುವ ಪದ್ಧತಿ ಆಮೇಲೆ ಬಂತು. ಇವತ್ತಿಗೂ ‘ಫಸ್ಟ್ ಕ್ಲಾಸ್ ಲೌಂಜ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜಾತಿಯ ಜಾಗಗಳಿವೆ. ಸಿಡ್ನಿಯ ಕ್ವಾಂಟಾಸ್ ಫಸ್ಟ್ ಲೌಂಜ್, ಹಾಂಗ್‌ಕಾಂಗಿನ ಕ್ಯಾಥೆ ಪೆಸಿಫಿಕ್ಕಿನ ‘ದಿ ಪಿಯರ್ ಫಸ್ಟ್’ ಮೊದಲ ಜಾತಿ. ಇಲ್ಲಿಗೆ ಫಸ್ಟ್ ಟಿಕೆಟಿನವರ ಜೊತೆಗೆ ವಿಮಾನ ಸಂಸ್ಥೆಗಳ ಒನ್‌ವರ್ಲ್ಡ್ ಒಕ್ಕೂಟದಲ್ಲಿ ಪದೇ ಪದೇ ಹಾರಿ ಎಮರಾಲ್ಡ್ ಎಂಬ ಅತ್ಯುನ್ನತ ದರ್ಜೆ ಪಡೆದ ಸದಸ್ಯರೂ ಬರಬಹುದು, ಅವರ ಅಂದಿನ ಟಿಕೆಟ್ ಎಕಾನಮಿಯದ್ದಾದರೂ ಸರಿ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕ್ವಾಂಟಾಸ್‌ನ ಸಿಡ್ನಿ–ಬೆಂಗಳೂರು ನೇರ ಮಾರ್ಗದಲ್ಲಿ ಹಾರುವ ಏರ್‌ಬಸ್ ಎ330 ವಿಮಾನಕ್ಕೆ ಫಸ್ಟ್ ಕ್ಲಾಸೇ ಇಲ್ಲ. ಆದರೂ ಆ ವಿಮಾನಕ್ಕೆ ಎಕಾನಮಿಯಲ್ಲಿ ಕೂರಲಿರುವ ಎಮರಾಲ್ಡ್ ಸದಸ್ಯರು ಹೊರಡುವ ಮುನ್ನ ಫಸ್ಟ್ ಲೌಂಜಿನಲ್ಲಿ ಊಟ ಮಾಡಬಹುದು.

ಎರಡನೆಯ ಜಾತಿ ಬಾಗಿಲನ್ನು ಬಿಗಿಯಾಗಿ ಹಿಡಿಯುತ್ತದೆ. ಸಿಂಗಪುರ ಏರ್‌ಲೈನ್ಸಿನ ‘ದಿ ಪ್ರೈವೇಟ್ ರೂಮ್’ಗೆ ಅದೇ ಸಂಸ್ಥೆಯ ವಿಮಾನದಲ್ಲಿ ಸೂಟ್ಸ್ (ಪ್ರತ್ಯೇಕ ಕೋಣೆಯ ದರ್ಜೆ) ಅಥವಾ ಫಸ್ಟ್ ಟಿಕೆಟ್ ಇರಬೇಕು, ಎಷ್ಟೇ ಲಕ್ಷ ಮೈಲಿ ಹಾರಿದ ಸದಸ್ಯರಾದರೂ ಬಿಸಿನೆಸ್ ಟಿಕೆಟ್ ಹಿಡಿದು ಬಂದರೆ ಪಕ್ಕದ ಕೋಣೆಗೆ ದಾರಿ ತೋರಿಸುತ್ತಾರೆ. ಲಂಡನ್ನಿನ ಹೀಥ್ರೂ ಟರ್ಮಿನಲ್ 5ರ ಬ್ರಿಟಿಷ್ ಏರ್‌ವೇಸ್ ಕಾಂಕಾರ್ಡ್ ರೂಮ್, ಪ್ಯಾರಿಸ್ಸಿನ ಏರ್ ಫ್ರಾನ್ಸ್ ‘ಲಾ ಪ್ರೀಮಿಯೇರ್’ ಲೌಂಜ್ ಕೂಡ ಇದೇ ಸಾಲಿನವು. ಏರ್ ಫ್ರಾನ್ಸಿನ ಬೋಯಿಂಗ್ 777 ವಿಮಾನದಲ್ಲಿ ಲಾ ಪ್ರೀಮಿಯೇರ್, ಅಂದರೆ ಫಸ್ಟ್, ಆಸನಗಳಿರುವುದೇ 4, ಸ್ವಿಸ್‌ನ 777ರಲ್ಲಿ 8 ಫಸ್ಟ್ ಆಸನ. ಅಂದರೆ ಆ ದಿನ ಲೌಂಜಿಗೆ ಯಾರು ಯಾರು ಬರುತ್ತಾರೆ ಎಂದು ಹಿಂದಿನ ರಾತ್ರಿಯೇ ಹೆಸರು ಸಮೇತ ಪಟ್ಟಿ ಮಾಡಬಹುದು. ಕಾರ್ಡ್ ಲೌಂಜ್ ನಡೆಸುವವರಿಗೆ ಇಂಥ ಪಟ್ಟಿ ಕನಸಿನಲ್ಲೂ ಸಿಗದು.

ಈ ಒಂದು ವ್ಯತ್ಯಾಸ ಕಟ್ಟಡವನ್ನು ಹೇಗೆ ಬದಲಿಸುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಷ್ಟೇ, ಸೂತ್ರ ಮಾತ್ರ ಎಲ್ಲ ಕಡೆ ಒಂದೇ. ಸಂಜೆ 3 ಗಂಟೆಯ ಅವಧಿಯಲ್ಲಿ 5 ವಿಮಾನ ಹೊರಡುತ್ತವೆ, ಪ್ರತಿಯೊಂದರಲ್ಲೂ 8 ಫಸ್ಟ್ ಆಸನ ಎಂದಿಟ್ಟುಕೊಳ್ಳಿ. 40ರಲ್ಲಿ 30 ಮಂದಿ ಲೌಂಜಿಗೆ ಬಂದು ತಲಾ 2 ಗಂಟೆ ಇದ್ದರೆ, ಯಾವುದೇ ಹೊತ್ತಿನಲ್ಲಿ ಸರಾಸರಿ ಒಳಗಿರುವವರು 30 ಗುಣಿಸು 2, ಭಾಗಿಸು 3, ಅಂದರೆ 20 ಮಂದಿ. ಈಗ ಬಾಗಿಲು ಸಡಿಲಿಸಿ. ವಿಮಾನಕ್ಕೆ 300 ಪ್ರಯಾಣಿಕರಂತೆ 1,500 ಜನರಲ್ಲಿ ನೂರಕ್ಕೆ 5ರಷ್ಟು ಉನ್ನತ ದರ್ಜೆಯ ಸದಸ್ಯರಿದ್ದರೆ 75, ಅವರಲ್ಲಿ ಅರ್ಧಕ್ಕರ್ಧ ಮಂದಿ ಒಬ್ಬೊಬ್ಬ ಅತಿಥಿಯನ್ನು ಕರೆತಂದರೆ ಇನ್ನೂ ಸುಮಾರು 35. ಒಟ್ಟು 140. ಸರಾಸರಿ ಒಳಗಿರುವವರು 93.

ಕುರ್ಚಿಗಳ ಸಂಖ್ಯೆ ಇದಕ್ಕಿಂತ ಹೆಚ್ಚೇ ಬೇಕು. ಅಪರಿಚಿತರ ಪಕ್ಕ ಯಾರೂ ಕೂರುವುದಿಲ್ಲ. ಜೋಡಿ ಕುರ್ಚಿಯಲ್ಲಿ ಒಂದರಲ್ಲಿ ಮನುಷ್ಯ, ಇನ್ನೊಂದರಲ್ಲಿ ಬ್ಯಾಗು. ನೂರು ಕುರ್ಚಿಯಲ್ಲಿ 65 ತುಂಬಿದಾಗಲೇ ‘ಜಾಗ ಇಲ್ಲ’ ಎಂಬ ಭಾವನೆ ಬರುತ್ತದೆ ಎಂದು ಹಿಡಿದರೆ, ಮೊದಲ ಲೌಂಜಿಗೆ 31 ಕುರ್ಚಿ, ಎರಡನೆಯದಕ್ಕೆ 143. ಸಾಮಾನ್ಯ ಲೌಂಜಿಗೆ ಕುರ್ಚಿಗೆ 4 ಚದರ ಮೀಟರಿನಂತೆ ಎರಡನೆಯದಕ್ಕೆ 570 ಚದರ ಮೀಟರ್ ಬೇಕು. ಮೊದಲನೆಯದಕ್ಕೆ ಕುರ್ಚಿಗೆ 10 ಚದರ ಮೀಟರ್, ಅಂದರೆ ಎರಡೂವರೆ ಪಟ್ಟು ಕೊಟ್ಟರೂ 310ರಲ್ಲಿ ಮುಗಿಯುತ್ತದೆ. ಬಾಗಿಲು ಬಿಗಿ ಹಿಡಿದ ಲೌಂಜ್ ಒಟ್ಟು ಜಾಗದ ಬಾಡಿಗೆಯಲ್ಲಿ ಅಗ್ಗ. ನಿಲ್ದಾಣದೊಳಗೆ ಚದರ ಮೀಟರಿಗೆ ಕೊಡುವ ಬಾಡಿಗೆ ನೆನೆದರೆ ಇದು ಸಣ್ಣ ಮಾತಲ್ಲ.

ಕೂರುವ ಜಾಗದ ವಿಷಯದಲ್ಲಿ ವಿನ್ಯಾಸಕಾರರು ಎಡವುವುದು ಹೆಚ್ಚಾಗಿ ಎತ್ತರಗಳಲ್ಲಿ. ಚಿತ್ರದಲ್ಲಿ ಚೆಂದ ಕಾಣುವ ತಗ್ಗಿನ ಸೋಫಾದ ಆಸನ ನೆಲದಿಂದ 36–38 ಸೆಂಟಿಮೀಟರ್ ಇರುತ್ತದೆ. ಫಸ್ಟ್ ಕ್ಲಾಸಿನಲ್ಲಿ ಹೋಗುವವರಲ್ಲಿ ಅರವತ್ತು ದಾಟಿದವರು ಬಹಳ. ಮಂಡಿನೋವಿನವರು ಅದರಲ್ಲಿ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. 43–45 ಸೆಂಟಿಮೀಟರ್ ಎತ್ತರ, ಒತ್ತಿ ಏಳಲು ಗಟ್ಟಿ ಕೈಯಾಸರೆ ಇರುವ ಕುರ್ಚಿಗಳು ಅರ್ಧದಷ್ಟಾದರೂ ಇರಬೇಕು. ಪಕ್ಕದ ಟೇಬಲ್ ಕೈಯಾಸರೆಯ ಮಟ್ಟಕ್ಕಿಂತ ತಗ್ಗಿದ್ದರೆ ಕಾಫಿ ಲೋಟ ತೆಗೆಯಲು ಬಗ್ಗಬೇಕು, ಲ್ಯಾಪ್‌ಟಾಪ್ ಇಡಲು ಆಗದು. ಮರೆ ಹಲಗೆಯ ಎತ್ತರವೂ ಹೀಗೇ. ಕೂತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು 115 ಸೆಂಟಿಮೀಟರ್. ಮರೆ 100ಕ್ಕೆ ನಿಂತರೆ ಎದುರಿನವರ ಮುಖ ಪೂರ್ತಿ ಕಾಣುತ್ತದೆ. 180ಕ್ಕೆ ಏರಿಸಿದರೆ ಯಾರಿಗೆ ಏನು ಬೇಕು ಎಂದು ಸಿಬ್ಬಂದಿಗೆ ಗೊತ್ತಾಗುವುದಿಲ್ಲ, ಗಾಳಿಯೂ ಆಡುವುದಿಲ್ಲ. 130–140ರಲ್ಲಿ ಕೂತವರಿಗೆ ಏಕಾಂತ, ನಿಂತವರಿಗೆ ನೋಟ ಎರಡೂ ಸಿಗುತ್ತವೆ.

ಬ್ಯಾಗು ಇನ್ನೊಂದು. ಕ್ಯಾಬಿನ್ ಟ್ರಾಲಿ ಬ್ಯಾಗ್ 55 ಸೆಂಟಿಮೀಟರ್ ಎತ್ತರದ ವಸ್ತು. ಪ್ರತಿ ಕುರ್ಚಿಯ ಪಕ್ಕ ಅದಕ್ಕೆ ಗುರುತಿಟ್ಟ ಜಾಗ ಇಲ್ಲದಿದ್ದರೆ ಅದು ಓಡಾಡುವ ದಾರಿಯಲ್ಲೇ ನಿಲ್ಲುತ್ತದೆ, ತಟ್ಟೆ ಹಿಡಿದು ಬರುವವರು ಎಡವುತ್ತಾರೆ. ಪ್ಲಗ್ ಪಾಯಿಂಟನ್ನು ಗೋಡೆಯಲ್ಲಿ ಮಾತ್ರ ಕೊಟ್ಟರೆ ನಡುವಿನ ಕುರ್ಚಿಗಳು ಖಾಲಿ ಉಳಿದು ಗೋಡೆಯ ಸಾಲಿಗೆ ಪೈಪೋಟಿ ಶುರುವಾಗುತ್ತದೆ. ನೆಲದಡಿ ಟೊಳ್ಳು ಬಿಟ್ಟು ವೈರಿಂಗ್ ಎಳೆದಿದ್ದರೆ ಮುಂದೆ ಕುರ್ಚಿಗಳ ಜೋಡಣೆ ಬದಲಿಸಬಹುದು. ಕಾಂಕ್ರೀಟಿನಲ್ಲಿ ಹೂತಿಟ್ಟರೆ ಹತ್ತು ವರ್ಷ ಅದೇ ಜೋಡಣೆ. ಸಾಕೆಟ್ ಎಲ್ಲ ದೇಶದ ಪಿನ್ನಿಗೂ ಹೊಂದುವಂತಿರಬೇಕು, ಜೊತೆಗೆ ಲ್ಯಾಪ್‌ಟಾಪ್ ಚಾರ್ಜ್ ಮಾಡಬಲ್ಲ 60 ವಾಟಿನ ಟೈಪ್-ಸಿ. ಬಟ್ಟೆಯ ಹೊದಿಕೆಗೆ ಬೆಂಕಿ ನಿರೋಧದ ಪ್ರಮಾಣಪತ್ರ ಕಡ್ಡಾಯ. ಮನೆ ಸೋಫಾಗೆ ಹಾಕುವ ಬಟ್ಟೆ ಇಲ್ಲಿ ಒಂದೇ ವರ್ಷದಲ್ಲಿ ನುಲಿದು ಹೋಗುತ್ತದೆ.

ಶಬ್ದದ ವಿಷಯಕ್ಕೆ ಬಂದರೆ, ಉತ್ತಮ ಫಸ್ಟ್ ಲೌಂಜ್‌ಗಳಲ್ಲಿ ಘೋಷಣೆಗಳಿರುವುದಿಲ್ಲ. ನಿಲ್ದಾಣದ ಧ್ವನಿವರ್ಧಕ ಜಾಲದಿಂದ ಆ ವಲಯವನ್ನು ಕಡಿದಿಡುತ್ತಾರೆ. ಬೆಂಕಿಯ ಎಚ್ಚರಿಕೆ ಮಾತ್ರ ಎಲ್ಲವನ್ನೂ ದಾಟಿ ಒಳಗೆ ಕೇಳುವಂತೆ ವ್ಯವಸ್ಥೆ. ಚಾವಣಿಗೆ ಶಬ್ದ ಹೀರುವ ಹಲಗೆ, ನೆಲಕ್ಕೆ ಕಾರ್ಪೆಟ್. ಕಲ್ಲಿನ ನೆಲ, ಗಾಜಿನ ಗೋಡೆ, ಗಟ್ಟಿ ಚಾವಣಿ ಮೂರೂ ಒಟ್ಟಿಗೆ ಸೇರಿದರೆ ಚಮಚದ ಸದ್ದೂ ಕೋಣೆಯ ತುದಿಗೆ ತಲುಪುತ್ತದೆ, ಫೋಟೊಗೆ ಎಷ್ಟೇ ಭವ್ಯವಾಗಿದ್ದರೂ. ಆದರೆ ಘೋಷಣೆ ತೆಗೆದಾಕ್ಷಣ ಅದರ ಕೆಲಸ ಮಾಯವಾಗುವುದಿಲ್ಲ, ಮನುಷ್ಯರ ತಲೆ ಮೇಲೆ ಬೀಳುತ್ತದೆ. ಯಾವ ವಿಮಾನ ಯಾವ ಗೇಟಿನಲ್ಲಿ, ಬೋರ್ಡಿಂಗ್ ಎಲ್ಲಿಗೆ ಬಂತು, ಇಲ್ಲಿಂದ ಗೇಟಿಗೆ ನಡೆಯಲು ಎಷ್ಟು ನಿಮಿಷ, ಯಾವ ಪ್ರಯಾಣಿಕರು ಮಲಗುವ ಕೋಣೆಯಲ್ಲಿದ್ದಾರೆ, ಯಾರು ಸ್ನಾನಕ್ಕೆ ಹೋಗಿದ್ದಾರೆ ಎಂಬ ಹಾಳೆ ಒಬ್ಬರ ಕೈಯಲ್ಲಿ ಸದಾ ಇರಬೇಕು. ಪ್ರಯಾಣಿಕರಿಗೆ ವಿಮಾನ ತಪ್ಪುವುದು ಬಹುತೇಕ ಎರಡು ಸಂದರ್ಭದಲ್ಲಿ: ಗೇಟ್ ಬದಲಾದಾಗ, ಮತ್ತು ಲೌಂಜ್ ಸಿಬ್ಬಂದಿಯ ಪಾಳಿ ಬದಲಾಗುವ ಹೊತ್ತಿನಲ್ಲಿ. ಎರಡನೆಯದಕ್ಕೆ ಮದ್ದು ಸರಳ. ಪಾಳಿ ಬಿಡುವವರು ಹೊಸಬರನ್ನು ಕರೆದುಕೊಂಡು ಪ್ರತಿ ಮುಚ್ಚಿದ ಬಾಗಿಲ ಮುಂದೆ ನಿಂತು ಒಳಗೆ ಯಾರು, ಎಷ್ಟು ಗಂಟೆಗೆ ಎಬ್ಬಿಸಬೇಕು ಎಂದು ಬಾಯಿಬಿಟ್ಟು ಹೇಳಿ ಹೋಗಬೇಕು. ಪರದೆಯ ಮೇಲಿನ ಟಿಪ್ಪಣಿ ಸಾಲದು.

ಸಿಡ್ನಿಯ ಕ್ವಾಂಟಾಸ್ ಲೌಂಜ್ ಈ ವಿಷಯದಲ್ಲಿ ಒಂದು ಒಳ್ಳೆಯ ನಿರ್ಧಾರ ಮಾಡಿದೆ. 2007ರಲ್ಲಿ ಮಾರ್ಕ್ ನ್ಯೂಸನ್ ವಿನ್ಯಾಸದಲ್ಲಿ ತೆರೆದ ಆ ಲೌಂಜಿನಲ್ಲಿ ಹೊರಡುವ ವಿಮಾನಗಳ ಪಟ್ಟಿಗೆ ಹಳೆಯ ಮಾದರಿಯ, ಎಲೆಗಳು ಪಟಪಟನೆ ಮಗುಚುವ ಸೊಲಾರಿ ಫಲಕ ಇದೆ. ಪುಸ್ತಕದಲ್ಲಿ ಮುಳುಗಿದವರಿಗೂ ಆ ಸದ್ದು ಏನೋ ಬದಲಾಯಿತು ಎಂದು ತಿಳಿಸುತ್ತದೆ, ಕತ್ತೆತ್ತಿ ನೋಡುತ್ತಾರೆ. ಮೌನದ ಟಿವಿ ಪರದೆ ಈ ಕೆಲಸ ಮಾಡಲಾರದು. ಓಕ್ ಮರದ ದೊಡ್ಡ ಬಾಗುಹಲಗೆಗಳು ಅಲ್ಲಿ ಕೋಣೆಯನ್ನು ಕಿಟಕಿಯ ಕಡೆಗೆ ತೆರೆದುಕೊಂಡ ಓಣಿಗಳಾಗಿ ಭಾಗ ಮಾಡುತ್ತವೆ: ಪ್ರತಿ ಓಣಿಯವರಿಗೂ ರನ್‌ವೇ ಕಾಣುತ್ತದೆ, ಪಕ್ಕದವರು ಕಾಣುವುದಿಲ್ಲ. ಪ್ರವೇಶದಲ್ಲಿ ಪ್ಯಾಟ್ರಿಕ್ ಬ್ಲಾಂಕ್ ಮಾಡಿದ ಗೋಡೆತೋಟ, 30 ಮೀಟರ್ ಉದ್ದ, 8,400 ಗಿಡ. ಅವರ ವಿಧಾನದಲ್ಲಿ ಮಣ್ಣಿರುವುದಿಲ್ಲ. ಲೋಹದ ಚೌಕಟ್ಟು, ಅದರ ಮೇಲೆ ಪಿವಿಸಿ ಹಾಳೆ, ಅದರ ಮೇಲೆ ಫೆಲ್ಟ್ ಎಂಬ ದಪ್ಪ ಬಟ್ಟೆ. ಬೇರು ಫೆಲ್ಟಿನಲ್ಲಿ ಹಿಡಿಯುತ್ತದೆ, ಪೋಷಕಾಂಶ ಬೆರೆಸಿದ ನೀರು ಮೇಲಿನಿಂದ ಹನಿಯುತ್ತದೆ. ಇದನ್ನು ನಕಲು ಮಾಡಿದ ಎಷ್ಟೋ ಕಟ್ಟಡಗಳಲ್ಲಿ ಗಿಡ ಒಣಗಿ ಪ್ಲಾಸ್ಟಿಕ್ ಎಲೆ ಬಂದು ಕೂತಿದೆ. ಕಾರಣ ಗಿಡವಲ್ಲ. ನೀರಿನ ಪಂಪು ಕೆಟ್ಟದ್ದು ತಕ್ಷಣ ಗೊತ್ತಾಗುವ ವ್ಯವಸ್ಥೆ ಇಟ್ಟಿರುವುದಿಲ್ಲ, ಒಳಾಂಗಣದ ಬೆಳಕು ಗಿಡಕ್ಕೆ ಸಾಲುವುದಿಲ್ಲ, ಮತ್ತು ಸುರಕ್ಷತಾ ವಲಯದೊಳಗೆ ತೋಟಗಾರರ ಪಾಸ್ ಮಾಡಿಸುವ ತಲೆನೋವನ್ನು ಯಾರೂ ಮೊದಲೇ ಯೋಚಿಸಿರುವುದಿಲ್ಲ.

ಊಟಕ್ಕೆ ಬರೋಣ, ಕಾರ್ಡ್ ಲೌಂಜಿಗೂ ಇದಕ್ಕೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ. ಕಾರ್ಡ್ ಲೌಂಜಿಗೆ ಆದಾಯ ತಲೆ ಎಣಿಕೆಯ ಮೇಲೆ ಬರುತ್ತದೆ, ಖರ್ಚು ತಟ್ಟೆಯ ಮೇಲೆ. ಹಾಗಾಗಿ ಜನ ಹೆಚ್ಚಲಿ, ತಟ್ಟೆ ಹಗುರವಾಗಲಿ ಎಂಬುದು ಅದರ ಸಹಜ ಒಲವು, ಬಫೆ ಅದಕ್ಕೆ ಹೇಳಿ ಮಾಡಿಸಿದ ಪದ್ಧತಿ. ಫಸ್ಟ್ ಲೌಂಜಿನ ಖರ್ಚು ಟಿಕೆಟಿನಲ್ಲೇ ಸೇರಿರುತ್ತದೆ. ಪ್ರಯಾಣಿಕರು ಮುಂದಿನ ಸಲವೂ ಅದೇ ಸಂಸ್ಥೆಯ ಟಿಕೆಟ್ ಕೊಂಡರೆ ಮಾತ್ರ ಅದು ಗಿಟ್ಟುತ್ತದೆ. ಆದ್ದರಿಂದ ಕೇಳಿದ ಮೇಲೆ ಮಾಡಿ ಬಡಿಸುವ ಊಟ. ಲಾ ಪ್ರೀಮಿಯೇರ್ ಲೌಂಜಿನ ಊಟಕ್ಕೆ ಬಾಣಸಿಗ ಅಲೇನ್ ಡ್ಯೂಕಾಸ್, ಕ್ವಾಂಟಾಸ್‌ಗೆ ಬಾಣಸಿಗ ನೀಲ್ ಪೆರಿ ಹೆಸರು ಕೊಟ್ಟರು. ರಾತ್ರಿ ಹೊರಡುವ ವಿಮಾನಗಳಿಗೆ ಇದರಲ್ಲೊಂದು ನೇರ ಲಾಭವಿದೆ: ನೆಲದ ಮೇಲೇ ಪೂರ್ತಿ ಉಂಡವರು ವಿಮಾನ ಏರಿದೊಡನೆ ಮಲಗುತ್ತಾರೆ. ಏಳು ಗಂಟೆಯ ಹಾರಾಟದಲ್ಲಿ ಊಟದ ಎರಡು ಗಂಟೆ ಉಳಿದರೆ ನಿದ್ದೆ ಎರಡು ಗಂಟೆ ಹೆಚ್ಚು.

ಆದರೆ ವಿಮಾನ ನಿಲ್ದಾಣದೊಳಗೆ ಅಡುಗೆಮನೆ ನಡೆಸುವುದು ಹೋಟೆಲಿನ ಅಡುಗೆಮನೆ ನಡೆಸಿದಂತಲ್ಲ. ಟರ್ಮಿನಲ್‌ನೊಳಗೆ ಗ್ಯಾಸಿನ ಉರಿಗೆ ಸಾಮಾನ್ಯವಾಗಿ ಅವಕಾಶ ಇರುವುದಿಲ್ಲ, ಇಂಡಕ್ಷನ್ ಮತ್ತು ಹಬೆ, ಬಿಸಿಗಾಳಿ ಎರಡರಲ್ಲೂ ಬೇಯಿಸುವ ಕಾಂಬಿ ಒವನ್ ಮೇಲೇ ಎಲ್ಲ ನಡೆಯಬೇಕು. ಹಾಗಾಗಿ ವೋಕ್ ಅಡುಗೆ, ತಂದೂರಿ ರೊಟ್ಟಿ ಕಷ್ಟ. ಸರಿಯಾದ ಇಂಡಕ್ಷನ್ ತವಾ ಇದ್ದರೆ ದೋಸೆ ಚೆನ್ನಾಗಿಯೇ ಬರುತ್ತದೆ. ಪ್ರತಿ ತರಕಾರಿ ಬುಟ್ಟಿಯೂ ಸ್ಕ್ಯಾನ್ ಆಗಿ ಒಳಬರಬೇಕು, ಆದ್ದರಿಂದ ಸಾಮಾನು ಮುಗಿದರೆ ಹತ್ತು ನಿಮಿಷದಲ್ಲಿ ತರಿಸುವ ಮಾತೇ ಇಲ್ಲ. ಅಡುಗೆಯವರ ಚಾಕುಗಳಿಗೆ ನಂಬರು, ಪಾಳಿ ಶುರುವಿನಲ್ಲೂ ಕೊನೆಯಲ್ಲೂ ಎಣಿಕೆ. ಒಂದು ಕಡಿಮೆ ಬಂದರೆ ಅದು ಸಿಗುವವರೆಗೆ ಕೆಲಸ ಮುಂದುವರಿಯುವುದಿಲ್ಲ. ಹೊಗೆ ಎಳೆಯುವ ಡಕ್ಟನ್ನು ಚಾವಣಿಯವರೆಗೆ ಒಯ್ಯಲು ಕಟ್ಟಡದಲ್ಲಿ ಮೊದಲೇ ದಾರಿ ಬಿಟ್ಟಿರಬೇಕು. ಆಮೇಲೆ ಕೊರೆಯಹೋದರೆ ಕೆಳಗಿನ ಬ್ಯಾಗೇಜ್ ಬೆಲ್ಟಿಗೋ ಮೇಲಿನ ಎಸಿ ಕೋಣೆಗೋ ತಾಗುತ್ತದೆ. ಇಷ್ಟೆಲ್ಲ ಮಿತಿಯೊಳಗೆ ಆರ್ಡರ್ ಕೊಟ್ಟ 15 ನಿಮಿಷದೊಳಗೆ ತಟ್ಟೆ ಬರಬೇಕಾದರೆ ಮೆನುವಿನಲ್ಲಿ ಹತ್ತು ಹನ್ನೆರಡು ಬಗೆಗಿಂತ ಹೆಚ್ಚಿರಬಾರದು. ಒಂದೇ ಮೂಲ ಸಾರು, ಒಂದೇ ಹುರಿದ ಮಸಾಲೆ ಮೂರು ನಾಲ್ಕು ತಿಂಡಿಗೆ ಬಳಕೆಯಾಗುವಂತೆ ಜೋಡಿಸುತ್ತಾರೆ. ನಲವತ್ತು ಬಗೆ ಬರೆದಿರುವ ಲೌಂಜ್ ಮೆನು ಕಂಡರೆ ಹೆಚ್ಚಿನವು ಫ್ರೀಜರಿನಿಂದ ಬರುತ್ತವೆ ಎಂದು ಧೈರ್ಯವಾಗಿ ಹೇಳಬಹುದು.

ಸ್ನಾನದ ಕೋಣೆ ಲೌಂಜಿನ ಅತ್ಯಂತ ದುಬಾರಿ ಚದರ ಅಡಿ, ಅತಿ ಹೆಚ್ಚು ದೂರು ಬರುವ ಜಾಗವೂ ಹೌದು. ಒಬ್ಬರು ಸರಾಸರಿ 30 ನಿಮಿಷ ಬಳಸುತ್ತಾರೆ, ಒಣಗಿಸಿ, ಟವೆಲ್ ಬದಲಿಸಿ, ಕನ್ನಡಿ ಒರೆಸಲು 15 ನಿಮಿಷ ಬೇಕು ಎಂದರೆ ಒಂದು ಕೋಣೆಯಲ್ಲಿ 3 ಗಂಟೆಗೆ ನಾಲ್ಕೇ ಮಂದಿ. ಹಿಂದಿನ ಉದಾಹರಣೆಯ 140 ಜನರಲ್ಲಿ 42 ಮಂದಿ ಸ್ನಾನ ಕೇಳಿದರೆ 11 ಕೋಣೆ ಬೇಕು. 30 ಜನರಲ್ಲಿ 15 ಮಂದಿ ಕೇಳಿದರೂ 4 ಸಾಕು. 140 ಜನಕ್ಕೆ 4 ಕೋಣೆ ಕಟ್ಟಿದ ಲೌಂಜಿನಲ್ಲಿ ಸ್ನಾನಕ್ಕೆ ಹೆಸರು ಬರೆಸಿದವರು ವಿಮಾನ ಹೊರಡುವ ಹೊತ್ತಿಗೂ ಕಾಯುತ್ತಲೇ ಇರುತ್ತಾರೆ. ಕೋಣೆ ಕಟ್ಟಲಾಗದಿದ್ದರೆ ಸ್ವಚ್ಛತೆಗೆ ಒಬ್ಬರ ಬದಲು ಇಬ್ಬರನ್ನು ಹಾಕಿ 15 ನಿಮಿಷವನ್ನು 8ಕ್ಕೆ ಇಳಿಸುವುದು ಅಗ್ಗದ ದಾರಿ.

ಒಳಗಿನ ವಿವರಕ್ಕೆ ಬಂದರೆ ನೆಲದ ವಾಟ ಮೊದಲು. ನೂರಕ್ಕೆ ಒಂದಕ್ಕಿಂತ ಕಡಿಮೆ ವಾಟ ಕೊಟ್ಟರೆ ನೀರು ನಿಲ್ಲುತ್ತದೆ, ಷೂ ಹಾಕಿಕೊಳ್ಳುವ ಜಾಗವೆಲ್ಲ ತೇವ. ಒದ್ದೆ ಭಾಗಕ್ಕೂ ಬಟ್ಟೆ ಬದಲಿಸುವ ಭಾಗಕ್ಕೂ ಮಧ್ಯೆ ಗಾಜಿನ ಪೂರ್ತಿ ತಡೆ ಬೇಕು, ಅರ್ಧ ಗಾಜು ಫ್ಯಾಷನ್ ಅಷ್ಟೇ. ತೆರೆದ ಸೂಟ್‌ಕೇಸ್ ಇಡಲು 75 ಸೆಂಟಿಮೀಟರ್ ಅಗಲದ ಒಣ ಕಟ್ಟೆ, ಕನಿಷ್ಠ ನಾಲ್ಕು ಕೊಕ್ಕೆ. ಕೊಕ್ಕೆ ಮರೆತಿರುವ ಐಷಾರಾಮಿ ಸ್ನಾನದ ಕೋಣೆಗಳು ಆಶ್ಚರ್ಯವಾಗುವಷ್ಟಿವೆ. ಲೌಂಜ್ ಮೇಲಿನ ಅಂತಸ್ತಿನಲ್ಲಿದ್ದರೆ ಕೆಳಗೆ ಚೆಕ್-ಇನ್ ಕೌಂಟರೋ ವಿದ್ಯುತ್ ಕೋಣೆಯೋ ಇರುತ್ತದೆ. ನೀರು ಹೊರಹೋಗುವ ಕೊಳವೆಯ ಒಂದು ಟ್ರ್ಯಾಪ್ ಸೋರಿದರೆ ಕೆಳಗಿನವರು ಲೌಂಜನ್ನೇ ಮುಚ್ಚಿಸುತ್ತಾರೆ. ಬಿಸಿನೀರನ್ನು 60 ಡಿಗ್ರಿಯಲ್ಲಿ ಸಂಗ್ರಹಿಸಿ, ಕೊಳವೆಯಲ್ಲಿ 50ಕ್ಕಿಂತ ಕೆಳಗಿಳಿಯದಂತೆ ಸುತ್ತಿಸಿ, ಷವರಿನ ಬಳಿ ಮಾತ್ರ ತಣ್ಣೀರು ಬೆರೆಸುವ ಕವಾಟದಿಂದ 40ರ ಆಸುಪಾಸಿಗೆ ತರಬೇಕು. ಉಗುರುಬೆಚ್ಚಗಿನ ನೀರು ಕೊಳವೆಯಲ್ಲಿ ನಿಂತರೆ ಶ್ವಾಸಕೋಶದ ಸೋಂಕು ತರುವ ಲೆಜಿಯನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಳಕೆಯಾಗದ ಷವರ್‌ಗಳನ್ನು ವಾರಕ್ಕೊಮ್ಮೆಯಾದರೂ ಕೆಲವು ನಿಮಿಷ ಬಿಸಿಯಾಗಿ ಹರಿಯಬಿಡುವ ಕೆಲಸ ರಿಜಿಸ್ಟರಿನಲ್ಲಿ ದಾಖಲಾಗಬೇಕು. ವಿಶೇಷವಾಗಿ ಕಡಿಮೆ ಜನ ಬರುವ ಫಸ್ಟ್ ಲೌಂಜಿನಲ್ಲೇ ಈ ಅಪಾಯ ಹೆಚ್ಚು; ಖಾಲಿ ಇರುವುದೇ ಅದರ ಗುಣವಲ್ಲವೇ.

ಸ್ನಾನದ ತೊಟ್ಟಿ ಇಟ್ಟ ಲೌಂಜ್‌ಗಳು ಕಡಿಮೆ. ಹಾಂಗ್‌ಕಾಂಗಿನ ‘ದಿ ವಿಂಗ್ ಫಸ್ಟ್’ನಲ್ಲಿ ತೊಟ್ಟಿ, ಷವರ್, ಮಲಗುವ ಆಸನ ಸೇರಿದ 5 ಕಬಾನಾಗಳನ್ನು ಮಾಡಿದ್ದರು. ಫ್ರಾಂಕ್‌ಫರ್ಟಿನ ಲುಫ್ತಾನ್ಸ ಫಸ್ಟ್ ಕ್ಲಾಸ್ ಟರ್ಮಿನಲ್‌ನ ತೊಟ್ಟಿಯ ಅಂಚಿನಲ್ಲಿ ಹಳದಿ ರಬ್ಬರ್ ಬಾತುಕೋಳಿ ಕೂತಿರುತ್ತದೆ, ಮನೆಗೆ ಒಯ್ಯಬಹುದು. ಆಗಾಗ ಹೊಸ ವೇಷದಲ್ಲಿ ಬರುವ ಅದನ್ನು ಸಂಗ್ರಹಿಸುವವರೇ ಇದ್ದಾರೆ. ಮಲಗಲು ನಿಜವಾದ ಕೋಣೆ ಬೇಕೆಂದರೆ ಜೂರಿಕ್ ನಿಲ್ದಾಣದ ಇ ಡಾಕ್ ಎಂಬ ಭಾಗದಲ್ಲಿರುವ ಸ್ವಿಸ್ ಫಸ್ಟ್ ಲೌಂಜಿನಲ್ಲಿ ರನ್‌ವೇ ಕಡೆ ಮುಖ ಮಾಡಿದ 2 ಹೋಟೆಲ್ ಕೋಣೆಗಳಿವೆ. ಇಲ್ಸ ಕ್ರಾಫರ್ಡ್ ವಿನ್ಯಾಸದಲ್ಲಿ 2015ರಲ್ಲಿ ಮತ್ತೆ ತೆರೆದ ಪಿಯರ್ ಫಸ್ಟ್‌ನಲ್ಲಿ 8 ಹಗಲುಗೋಣೆಗಳು. ಪಿಯರ್‌ನಲ್ಲಿ ಅಮೃತಶಿಲೆಯ ಮೆರುಗಿಗಿಂತ ಮರ, ಹಿತ್ತಾಳೆ, ಹಸಿರು ಬಟ್ಟೆ, ಮನೆಯ ಪಡಸಾಲೆಯಂತೆ ತಗ್ಗಿಸಿದ ದೀಪಗಳು ಇವೆ. ಈ ಹತ್ತು ಹದಿನೈದು ವರ್ಷಗಳಲ್ಲಿ ಬಂದ ಲೌಂಜ್‌ಗಳಲ್ಲಿ ಇದು ನಮ್ಮ ಮೆಚ್ಚಿನದು. ಅತಿ ಎತ್ತರದ ಚಾವಣಿಯ ಟರ್ಮಿನಲ್‌ನಿಂದ ಬಂದವರಿಗೆ ಚಾವಣಿ ತಗ್ಗಿದ ಕೋಣೆಯೇ ದೊಡ್ಡ ನೆಮ್ಮದಿ ಎಂಬುದನ್ನು ಅದು ಅರ್ಥ ಮಾಡಿಕೊಂಡಿದೆ.

ಇನ್ನು ಲೌಂಜಿನಿಂದ ವಿಮಾನದವರೆಗಿನ ದಾರಿ. ಒಳಗೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕೊನೆಗೆ ಗೇಟಿನ ನೂಕುನುಗ್ಗಲಿಗೆ ಬಿಟ್ಟರೆ ನೆನಪಿನಲ್ಲಿ ಉಳಿಯುವುದು ಅದೇ. ಲುಫ್ತಾನ್ಸ ಇದಕ್ಕೆ 2004ರಲ್ಲಿ ಕೊಟ್ಟ ಉತ್ತರ ಪ್ರತ್ಯೇಕ ಕಟ್ಟಡ: ಅಲ್ಲೇ ಚೆಕ್-ಇನ್, ಅಲ್ಲೇ ಸುರಕ್ಷತಾ ತಪಾಸಣೆ, ಅಲ್ಲೇ ಪಾಸ್‌ಪೋರ್ಟ್ ಪರಿಶೀಲನೆ, ಕೆಳಗಿಳಿದರೆ ಮರ್ಸಿಡಿಸ್ ಅಥವಾ ಪೋರ್ಷೆ ಕಾರು ವಿಮಾನದ ಬುಡಕ್ಕೇ. ಏರ್ ಫ್ರಾನ್ಸ್ ಪ್ಯಾರಿಸ್ಸಿನಲ್ಲಿ ಇದೇ ರೀತಿ ಕಾರಿನಲ್ಲಿ ಒಯ್ಯುತ್ತದೆ. ದುಬೈನ ಎ ಕಾನ್‌ಕೋರ್ಸ್, 2013ರಲ್ಲಿ ಎರಡಂತಸ್ತಿನ ಎ380 ವಿಮಾನಕ್ಕಾಗಿಯೇ ಕಟ್ಟಿದ್ದು, ಬೇರೆ ದಾರಿ ಹಿಡಿಯಿತು: ಲೌಂಜ್ ಅಂತಸ್ತಿನಿಂದಲೇ ನೇರವಾಗಿ ವಿಮಾನದ ಮೇಲಂತಸ್ತಿಗೆ ಹತ್ತಬಹುದು, ಕಾರೂ ಬೇಡ, ಗೇಟಿನ ಸಾಲೂ ಇಲ್ಲ. ಕಾರಿನ ಪದ್ಧತಿ ನೋಡಲು ಸೊಗಸು, ಆದರೆ ನಡೆಸುವುದು ಕಷ್ಟ. ಚಾಲಕರಿಗೆ ವಿಮಾನಗಳ ನಡುವೆ ಓಡಿಸುವ ಪರವಾನಗಿ ಬೇಕು, ವಿಮಾನ ಹಾದುಹೋಗುವಾಗ ಕಾರು ನಿಂತು ದಾರಿ ಬಿಡಬೇಕು, ಏರೋಬ್ರಿಡ್ಜ್ ಬುಡದಲ್ಲಿ ಲಿಫ್ಟ್ ಇಲ್ಲದಿದ್ದರೆ ವಯಸ್ಸಾದವರು ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಮಳೆ, ಹಿಮ, ಗುಡುಗಿನ ಎಚ್ಚರಿಕೆ ಬಂದಾಗ ಎಲ್ಲ ನಿಲ್ಲುತ್ತದೆ. ದುಬೈನ ವಿಧಾನಕ್ಕೆ ಈ ತೊಂದರೆ ಒಂದೂ ಇಲ್ಲ, ಆದರೆ ಕಟ್ಟಡವನ್ನು ಮೊದಲ ಕಲ್ಲಿನಿಂದಲೇ ಹಾಗೆ ಕಟ್ಟಬೇಕು. ಇದ್ದ ಟರ್ಮಿನಲ್‌ಗೆ ಆಮೇಲೆ ಸೇರಿಸಲಾಗದು.

ಬೆಂಗಳೂರಿನಲ್ಲಿ ಇಂಥದ್ದು ಯಾಕಿಲ್ಲ ಎಂದು ಕೇಳುವವರಿದ್ದಾರೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಗಿ, 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳನ್ನೆಲ್ಲ ಹೊತ್ತುಕೊಂಡ ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಲ್ಲಿ ಬಿದಿರು, ತೂಗುಗಿಡಗಳ ಚಾವಣಿ ಇದೆ, ಊರಿನ ದೂರವಾಣಿ ಸಂಕೇತದ ಹೆಸರಿಟ್ಟ 080 ಲೌಂಜ್‌ಗಳಿವೆ. ಆದರೆ ವಿದೇಶಿ ಸಂಸ್ಥೆಗಳಲ್ಲಿ ಬಹುತೇಕ ತಮ್ಮದೇ ಲೌಂಜ್ ಇಟ್ಟಿಲ್ಲ; ತಲೆಗಿಷ್ಟು ಎಂದು ಹಣ ಕೊಟ್ಟು ಹಂಚಿಕೊಂಡ ಲೌಂಜಿಗೆ ಪ್ರಯಾಣಿಕರನ್ನು ಕಳಿಸುತ್ತವೆ. ದಿನಕ್ಕೊಂದು ವಿಮಾನ, ಅದರಲ್ಲಿ ಎಂಟೋ ಹದಿನಾಲ್ಕೋ ಫಸ್ಟ್ ಆಸನ. ಅಷ್ಟಕ್ಕೆ ಅಡುಗೆಯವರು, ಪರಿಚಾರಕರು, ಬಾಡಿಗೆ ಹೊರುವುದು ಲೆಕ್ಕಕ್ಕೆ ಬಾರದು. ಸಾಧ್ಯವಿರುವುದು ಹಂಚಿಕೊಂಡ ಲೌಂಜಿನೊಳಗೇ ಒಂದು ಬಾಗಿಲು: 30 ಕುರ್ಚಿ, 4 ಸ್ನಾನದ ಕೋಣೆ, ಹತ್ತು ಬಗೆಯ ಮೆನು, ಫಸ್ಟ್ ಟಿಕೆಟ್ ಮಾರುವ ಎಲ್ಲ ಸಂಸ್ಥೆಗಳೂ ಸೇರಿ ಖರ್ಚು ಹಂಚಿಕೊಳ್ಳುವುದು. ಯುರೋಪು ಮತ್ತು ಕೊಲ್ಲಿಯ ಹಲವು ವಿಮಾನಗಳು ಇಲ್ಲಿಂದ ಹೊರಡುವುದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ಆ ಹೊತ್ತಿಗೆ ಬೇಕಿರುವುದು ಹಗುರ ಊಟ, ಬಿಸಿನೀರು, ಕತ್ತಲ ಮೂಲೆ. ಈಗ ಸಿಗುವುದು ಇಪ್ಪತ್ತು ಪಾತ್ರೆಗಳ ಬಫೆ ಮತ್ತು ಪೂರ್ತಿ ಉರಿಯುವ ದೀಪ. ದೀಪವನ್ನು ರಾತ್ರಿ ಹನ್ನೊಂದರ ಮೇಲೆ ಒಂದು ಭಾಗದಲ್ಲಿ ತಗ್ಗಿಸಲು ಹೊಸ ಕಟ್ಟಡವೇನೂ ಬೇಕಿಲ್ಲ.

ಇಲ್ಲಿಂದ ಫಸ್ಟ್ ಟಿಕೆಟಿನಲ್ಲಿ ಹೊರಡುವವರು ಮುಂಚೆಯೇ ನೋಡಿಕೊಳ್ಳಬೇಕಾದ ಸಂಗತಿಗಳು ಒಂದೆರಡಿವೆ. ಟಿಕೆಟ್ ಮಾರಿದ ಸಂಸ್ಥೆ ಒಂದು, ವಿಮಾನ ಹಾರಿಸುವ ಸಂಸ್ಥೆ ಇನ್ನೊಂದಾದರೆ ಲೌಂಜ್ ಹಕ್ಕು ಸಾಮಾನ್ಯವಾಗಿ ಹಾರಿಸುವವರ ನಿಯಮದ್ದು. ಇಳಿದು ಮತ್ತೊಂದು ವಿಮಾನ ಹತ್ತುವಲ್ಲಿ ಮುಂದಿನ ಹಾರಾಟ ಬಿಸಿನೆಸ್ ದರ್ಜೆಯದ್ದಾದರೆ ಹಲವು ಸಂಸ್ಥೆಗಳು ಫಸ್ಟ್ ಲೌಂಜಿನ ಬಾಗಿಲು ತೆರೆಯುವುದಿಲ್ಲ. ಬುಕ್ ಮಾಡುವ ಮುನ್ನವೇ ವಿಚಾರಿಸಿ. ಫ್ರಾಂಕ್‌ಫರ್ಟಿನ ಆ ಪ್ರತ್ಯೇಕ ಟರ್ಮಿನಲ್ ಸುರಕ್ಷತಾ ವಲಯದ ಹೊರಗಡೆಯಿಂದ ಪ್ರವೇಶಿಸುವಂಥದ್ದು, ಅಂದರೆ ಬೆಂಗಳೂರಿನಿಂದ ಬಂದು ಅಮೆರಿಕದ ವಿಮಾನ ಹಿಡಿಯುವವರು ಅಲ್ಲಿಗೆ ಹೋಗಬೇಕಾದರೆ ಜರ್ಮನಿಯ ಇಮಿಗ್ರೇಷನ್ ದಾಟಬೇಕು. ಭಾರತದ ಪಾಸ್‌ಪೋರ್ಟಿನಲ್ಲಿ ಷೆಂಗೆನ್ ವೀಸಾ ಇಲ್ಲದಿದ್ದರೆ ಅದು ಆಗದ ಮಾತು. ಅಂಥವರು ಟರ್ಮಿನಲ್ 1ರ ಬಿ ಭಾಗದಲ್ಲಿರುವ ಫಸ್ಟ್ ಕ್ಲಾಸ್ ಲೌಂಜಿಗೆ ಹೋಗಬೇಕು. ಅಲ್ಲೂ ಊಟ ಕೇಳಿದ್ದನ್ನೇ ಮಾಡಿಕೊಡುತ್ತಾರೆ, ಸ್ನಾನಕ್ಕೂ ವ್ಯವಸ್ಥೆಯಿದೆ. ಒಳಗೆ ಕಾಲಿಟ್ಟ ಕೂಡಲೇ ಮೊದಲು ಸ್ನಾನದ ಕೋಣೆಗೆ ಹೆಸರು ಬರೆಸಿ, ಊಟಕ್ಕೆ ಆಮೇಲೆ ಕೂತರಾಯಿತು.